2025–26ರ ಪ್ರೀಮಿಯರ್ ಲೀಗ್ ಪ್ರಶಸ್ತಿ ಯಾರಿಗೆ ಒಲಿಯಬಹುದು?

2025ರ ಆಗಸ್ಟ್ 15ರಂದು ಇಂಗ್ಲೆಂಡಿನ ಈ ಅಗ್ರ ಫುಟ್‌ಬಾಲ್ ಲೀಗ್‌ನ ಋತು ಶುರುವಾಗುವ ಮುನ್ನವೇ ಒಂದು ಹೆಸರು ಹೇಳಿ ಎಂದರೆ, ನನ್ನ ಆಯ್ಕೆ ಆರ್ಸೆನಲ್. ಕಾರಣ ಕಳೆದ ಸಲದ ಅಂಕಪಟ್ಟಿಯಲ್ಲೇ ಇದೆ. ಚಾಂಪಿಯನ್ ಲಿವರ್‌ಪೂಲ್‌ಗೆ 84 ಅಂಕ, ಎರಡನೇ ಸ್ಥಾನದ ಆರ್ಸೆನಲ್‌ಗೆ 74. ಆದರೆ ಎರಡೂ ತಂಡಗಳು ಸೋತದ್ದು ತಲಾ ನಾಲ್ಕೇ ಪಂದ್ಯ! ಲಿವರ್‌ಪೂಲ್ 9 ಪಂದ್ಯ ಡ್ರಾ ಮಾಡಿಕೊಂಡರೆ ಆರ್ಸೆನಲ್ 14. ಗೆದ್ದರೆ ಮೂರು ಅಂಕ, ಡ್ರಾಗೆ ಒಂದೇ; ಹಾಗಾಗಿ ಆ ಐದು ಹೆಚ್ಚುವರಿ ಡ್ರಾಗಳಲ್ಲೇ ಹತ್ತು ಅಂಕ ಸೋರಿಹೋಯಿತು.

ಆರ್ಸೆನಲ್‌ನ ಸಾಲಿಬಾ–ಗೇಬ್ರಿಯಲ್ ಜೋಡಿಯ ರಕ್ಷಣೆ ಭದ್ರ. ಕೊರತೆ ಇದ್ದದ್ದು ಗೋಲು ಹೊಡೆಯುವವರದ್ದು. ಅದಕ್ಕೇ ಪೋರ್ಚುಗಲ್ ಲೀಗ್‌ನಲ್ಲಿ ಒಂದೇ ಋತುವಿಗೆ 39 ಗೋಲು ಬಾರಿಸಿದ ವಿಕ್ಟರ್ ಯೋಕೆರೆಸ್ ಅವರನ್ನು ಕರೆತಂದಿದ್ದಾರೆ. ಅಲ್ಲಿನ ಗೋಲುಗಳು ಇಂಗ್ಲೆಂಡಿನಲ್ಲಿ ಅದೇ ಲೆಕ್ಕದಲ್ಲಿ ಬರುವುದಿಲ್ಲ, ಪೋರ್ಚುಗಲ್‌ನಿಂದ ಲಿವರ್‌ಪೂಲ್‌ಗೆ ಬಂದು ಅಷ್ಟು ಗೋಲು ಗಳಿಸಲಾಗದ ಡಾರ್ವಿನ್ ನೂನೆಸ್ ಅವರನ್ನು ನೆನಪಿಸಿಕೊಳ್ಳಿ. ಆದರೆ ಅರ್ಧ ಬಂದರೂ ಸಾಕು.

ಲಿವರ್‌ಪೂಲ್ ವಿರ್ಟ್ಸ್, ಎಕಿಟಿಕೆ ಅವರಂಥ ಘಟಾನುಘಟಿಗಳನ್ನು ಕೊಂಡಿದೆ. ಆದರೆ ಅದರ ರಕ್ಷಣಾ ಆಟಗಾರ ಅಲೆಕ್ಸಾಂಡರ್-ಆರ್ನಾಲ್ಡ್ ರಿಯಲ್ ಮ್ಯಾಡ್ರಿಡ್‌ಗೆ ಹೋಗಿದ್ದಾರೆ, ಕಳೆದ ಋತುವಿನಲ್ಲಿ 29 ಗೋಲು ಗಳಿಸಿದ ಸಲಾ ಡಿಸೆಂಬರ್‌ನಲ್ಲಿ ತಮ್ಮ ದೇಶ ಈಜಿಪ್ಟ್ ಪರ ಆಡಲು ಆಫ್ರಿಕಾ ಕಪ್‌ಗೆ ತೆರಳಬೇಕಾಗುತ್ತದೆ. ಮ್ಯಾಂಚೆಸ್ಟರ್ ಸಿಟಿಯ ಭವಿಷ್ಯ ಮಿಡ್‌ಫೀಲ್ಡರ್ ರೋಡ್ರಿಯ ಗಾಯಗೊಂಡಿದ್ದ ಮೊಣಕಾಲಿನ ಮೇಲೆ ನಿಂತಿದೆ. ಚೆಲ್ಸಿ ಕ್ಲಬ್ ವಿಶ್ವಕಪ್ ಗೆದ್ದಿರಬಹುದು, ಲೀಗ್‌ನ 38 ಪಂದ್ಯಗಳ ಓಟಕ್ಕೆ ಅದು ಸಾಲದು.