ಟರ್ಬೊಗಾಗಿ ಮುಂಭಾಗ ಕೊಯ್ಯಬಹುದೇ?

ಪ್ರಶ್ನೆ: ನನ್ನ ಹಳೆಯ ಮಾರುತಿ ಎಸ್ಟೀಮ್‌ನ 1.3 ಲೀಟರ್ ಎಂಜಿನ್‌ಗೆ ಟರ್ಬೊ (ಎಂಜಿನ್ ಒಳಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಕೂರಿಸಬೇಕು. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಮುಂದೆ ಜಾಗ ಸಾಲುತ್ತಿಲ್ಲ. ಬಂಪರ್ ಹಿಂದಿನ ಕಬ್ಬಿಣದ ಪಟ್ಟಿ ತೆಗೆದುಬಿಡಲೇ?

ಉತ್ತರ: ದಯವಿಟ್ಟು ಬೇಡ. ಗುದ್ದಿದಾಗ ಮೊದಲ ಪೆಟ್ಟು ತಿನ್ನುವುದೇ ಆ ಪಟ್ಟಿ. ಬೇಕಾದರೆ ಪ್ಲಾಸ್ಟಿಕ್ ಬಂಪರ್‌ನ ಕೆಳಬಾಯಿ ಅಗಲ ಮಾಡಿ, ತೆಳ್ಳಗಿನ ಇಂಟರ್‌ಕೂಲರ್ ಹಾಕಿ. ಆದರೆ ಇಂಟರ್‌ಕೂಲರ್ ದಾಟಿ ಬಂದ ಬಿಸಿ ಗಾಳಿಯೇ ರೇಡಿಯೇಟರ್‌ಗೆ ಸಿಗುತ್ತದೆ ಅಲ್ವಾ, ಅದಕ್ಕೇ ಸುತ್ತಲಿನ ಸಂದುಗಳನ್ನು ಅಲ್ಯುಮಿನಿಯಂ ತಗಡು, ಫೋಮ್ ಇಟ್ಟು ಮುಚ್ಚಲೇಬೇಕು, ಎರಡು ಬೆರಳಗಲದ ಸಂದು ಬಿಟ್ಟರೂ ಗಾಳಿ ಸುಮ್ನೆ ಪಕ್ಕಕ್ಕೆ ಜಾರಿಹೋಗಿ ಟ್ರಾಫಿಕ್ಕಿನಲ್ಲಿ ಎಂಜಿನ್ ಜಾಸ್ತಿ ಕಾಯುತ್ತದೆ. ಫ್ಯಾನ್ ದೊಡ್ಡದಿರಲಿ. ಇನ್ನೊಂದು ಮಾತು, ಕೈ ಹಾಕುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ಕಾರಿನ ಮೂಲ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ.