ಅಜ್ಜಿಮನೆ ರಜೆ ಯಾರು ಶುರು ಮಾಡಿದ್ದು?

ಪ್ರಶ್ನೆ: ಬೇಸಿಗೆ ರಜೆಗೆ ಪೇಟೆಯವರು ಹಳ್ಳಿಗೆ ಹೋಗುವುದು ಬ್ರಿಟಿಷರು ಕಲಿಸಿದ ಅಭ್ಯಾಸವಂತೆ, ಹೌದಾ? ನನ್ನ ಅಕ್ಕನ ಮಕ್ಕಳು ಮುಂಬೈಯಿಂದ ಬಂದ್ರೆ ಎರಡೇ ದಿನಕ್ಕೆ "ಸೆಕೆ, ಬೋರ್" ಅಂತ ಶುರು ಮಾಡ್ತಾರೆ. (ಓದುಗರೊಬ್ಬರು, ಕಾಪು)

ಉತ್ತರ: ಅರ್ಧ ಹೌದು ಮಾರಾಯ್ರೆ. ಬ್ರಿಟಿಷರಿಗೆ ಸೆಕೆ ತಡ್ಕೊಳ್ಳಿಕ್ಕೆ ಆಗ್ತಿರ್ಲಿಲ್ಲ, ಹಾಗಾಗಿ 1864ರಿಂದ ಫೈಲು ಗುಮಾಸ್ತರು ಎಲ್ಲ ಕಟ್ಕೊಂಡು ಸರ್ಕಾರವೇ ಕಲ್ಕತ್ತದಿಂದ ಶಿಮ್ಲಾ ಹತ್ತುತ್ತಿತ್ತು, ಮದ್ರಾಸಿನವರು ಊಟಿಗೆ ಹೋಗ್ತಿದ್ರು, ನಮ್ಮ ಸೌತ್ ಕೆನರಾ ಕಲೆಕ್ಟರಿಗೂ ಕುದುರೆಮುಖದ ಮೇಲೊಂದು ಬಂಗ್ಲೆ ಇತ್ತು. ರಷ್ಯಾದ್ದು ಇನ್ನೊಂದು ಕತೆ. ಅಲ್ಲಿ ಪೇಟೆಯ ಹೊರಗಿನ ಬೇಸಿಗೆ ಮನೆಗೆ ದಾಚಾ ಅಂತಾರೆ, ಅಂದ್ರೆ ಕೊಟ್ಟದ್ದು, ರಾಜ ತನ್ನವರಿಗೆ ಕೊಟ್ಟ ಜಾಗ. ರೈಲು ಬಂದ ಮೇಲೆ ಸಾಧಾರಣ ಜನರೂ ಹೋಗ್ಲಿಕ್ಕೆ ಶುರು ಮಾಡಿದ್ರು, ಎರಡನೇ ಮಹಾಯುದ್ಧ ಆದ್ಮೇಲೆ ಕಾರ್ಮಿಕರಿಗೂ ಸಿಕ್ಕಿತು, ಸಾಮಾನ್ಯವಾಗಿ 600 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಹದಿನೈದು ಸೆಂಟ್ಸ್. ರಜೆಗೆ ಅಂತ ಹೋಗಿ ಬಟಾಟೆ ನೆಡುವುದು!

ಅವರೆಲ್ಲ ತಂಪು ಹುಡ್ಕೊಂಡು ಹೋದದ್ದು. ನಮ್ಮ ಕರಾವಳಿಯವರು ಬಾಂಬೆ ಸೆಕೆಯಿಂದ ಹೊರಟು ಅದಕ್ಕಿಂತ ಜಾಸ್ತಿ ಬೆವರುವ ಜಾಗಕ್ಕೆ ಬರುವುದು, ಇದನ್ನು ಯಾವ ಬ್ರಿಟಿಷ್‌ನೂ ಕಲಿಸ್ಲಿಕ್ಕಿಲ್ಲ. ಅದೂ ಸುಲಭದ ದಾರಿ ಅಲ್ಲ ಆಗ. ಮಂಗ್ಳೂರಿಗೆ 1907ರಲ್ಲೇ ರೈಲು ಬಂದಿತ್ತು, ಆದ್ರೆ ಅದು ಮದ್ರಾಸ್ ಕಡೆಗೆ, ಬಾಂಬೆಯವರಿಗೆ ಅದ್ರಿಂದ ಎಂತ ಪ್ರಯೋಜನ? ಕೊಂಕಣ ರೈಲ್ವೆ ಪೂರ್ತಿ ಆದದ್ದು 1998ರಲ್ಲಿ. ಅಲ್ಲಿವರೆಗೆ ಬಾಂಬೆ ಬಸ್ಸು, ಇಲ್ಲದಿದ್ರೆ ಹುಬ್ಬಳ್ಳಿವರೆಗೆ ರೈಲು ಮತ್ತೆ ಘಾಟಿ ಇಳಿಯುವ ಬಸ್ಸು, ಮಕ್ಕಳು ವಾಂತಿ ಮಾಡಿ ಮಾಡಿ ಸುಸ್ತು.

ಆದ್ರೂ ಬರ್ತಿದ್ರು, ಯಾಕಂದ್ರೆ ನೇಮ (ದೈವದ ಕೋಲ), ಮದುವೆ, ರಾತ್ರಿಯಿಡೀ ಯಕ್ಷಗಾನ, ಕಾಟು ಮಾವು (ಕಾಡು ಮಾವು), ಹಲಸು ಎಲ್ಲ ರಜೆಯ ಆ ಎರಡು ತಿಂಗಳಲ್ಲಿ ಒಟ್ಟಿಗೆ ಸಿಗ್ತಿತ್ತು. ಮೇ 24ರ ಆಸುಪಾಸು ಪತ್ತನಾಜೆ, ಅಂದ್ರೆ ತುಳುನಾಡಿನಲ್ಲಿ ನೇಮ-ಆಟಗಳ ಕಾಲ ಮುಗಿಯುವ ದಿನ, ಬಂತು ಅಂದ್ರೆ ಗೆಜ್ಜೆ ಬಿಚ್ಚಿದ ಹಾಗೆ, ಮೇಳ ಬಂದ್, ನೇಮ ಬಂದ್, ಮತ್ತೆ ಮಳೆಗಾಲ. ಮಕ್ಕಳಿಗೂ ಪುರ್ಸೊತ್ತಿರ್ಲಿಲ್ಲ, ಅಂಗಳದಲ್ಲಿ ಒಣಗ್ಲಿಕ್ಕೆ ಹಾಕಿದ ಹಲಸಿನ ಹಪ್ಪಳಕ್ಕೆ ಕಾಗೆ ಕಾಯುವ ಡ್ಯೂಟಿ ಅವರದ್ದೇ (ಅರ್ಧ ಹಪ್ಪಳ ಕಾಯುವವರ ಹೊಟ್ಟೆಗೇ ಹೋಗ್ತಿತ್ತು, ನಾನೂ ಕಾದಿದ್ದೇನೆ).

ಈಗ ಹಪ್ಪಳ ಪ್ಯಾಕೆಟಿನಲ್ಲಿ ಬರ್ತದೆ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿದ್ದೀರಿ, ಮಕ್ಕಳಿಗೆ ಬೋರ್ ಆಗದೆ ಇನ್ನೆಂತ ಆಗ್ಬೇಕು.

ಪ್ರಶ್ನೆ: ಹಾಗಾದ್ರೆ ಹೋಂಸ್ಟೇಗೆ ಕರ್ಕೊಂಡು ಹೋಗ್ಲಾ? (ಅದೇ ಓದುಗರು)

ಉತ್ತರ: ಹೋಗಿ. ಆದ್ರೆ ಅಲ್ಲಿ ಅಟ್ಟದಲ್ಲಿ ನೇತು ಹಾಕಿದ ಸೌತೆಕಾಯಿ ಫೋಟೋಕ್ಕೆ ಮಾತ್ರ, ಕೊದ್ದೆಲಿಗೆ (ನಮ್ಮ ಕಡೆಯ ಸಾಂಬಾರಿಗೆ) ಬೇಕಾದ್ರೆ ಅಜ್ಜಿಮನೆಗೇ ಬರ್ಬೇಕು.