ಜಿ.ವಿ. ಅಯ್ಯರ್ ನಿಜವಾಗ್ಲೂ ಸಿನಿಮಾ ಹಾಡು ಬರೀತಿದ್ರಾ?

ಹೂಂ, ಬರೀತಿದ್ರು, ಚೆನ್ನಾಗೇ ಬರೀತಿದ್ರು. ನಮ್ ಕಡೆಯವ್ರೇ, ನಂಜನಗೂಡಿನೋರು, ಹುಟ್ಟಿದ್ದು 1917ರಲ್ಲಿ. ಗುಬ್ಬಿ ವೀರಣ್ಣನವರ ಕಂಪನಿ ನಾಟಕದಲ್ಲಿ ಪಳಗಿ 1943ರ 'ರಾಧಾರಮಣ'ದಲ್ಲಿ ನಟನಾಗಿ ಸಿನಿಮಾಕ್ಕೆ ಬಂದ್ರು, ಆಮೇಲೆ ಸಂಭಾಷಣೆ, ಹಾಡು, ನಿರ್ಮಾಣ, ಡೈರೆಕ್ಷನ್ನು ಅಂತ ಕೈ ಹಾಕದೇ ಇರೋ ಕೆಲಸಾನೇ ಇಲ್ಲ.

ನವೆಂಬರ್ ಬಂದ್ರೆ ಮೈಸೂರಲ್ಲಿ ಬೀದಿಬೀದಿಲೂ ಮೈಕಲ್ಲಿ ಹಾಕ್ತಾರಲ್ಲ 'ಕನ್ನಡದ ಮಕ್ಕಳೆಲ್ಲ ಒಂದಾಗಿ ಬನ್ನಿ', ಅದು ಇವರದ್ದೇ, 1961ರ 'ಕಣ್ತೆರೆದು ನೋಡು' ಚಿತ್ರಕ್ಕೆ ಬರೆದಿದ್ದು, ಸಂಗೀತ ಜಿ.ಕೆ. ವೆಂಕಟೇಶ್, ಆದ್ರೆ ಹಾಡು ಗೊತ್ತಿರೋರಲ್ಲಿ ಬರೆದೋರ ಹೆಸರು ಗೊತ್ತಿರೋರು ಕಮ್ಮಿ. 'ಸಂಧ್ಯಾರಾಗ'ದ 'ನಂಬಿದೆ ನಿನ್ನ ನಾದ ದೇವತೆಯೇ' ಕೂಡ ಇವರದ್ದೇ, ನನಗಂತೂ ಇದೇ ಒಂದು ಕೈ ಮೇಲು. ನಾಟಕದಿಂದ ಬಂದೋರಲ್ವಾ, ಒಂದ್ಸಲ ಕೇಳಿದ್ರೆ ಬಾಯಿಗೆ ಬರೋ ಹಂಗೆ ಬರೀತಿದ್ರು.

ಆಮೇಲೆ 'ಹಂಸಗೀತೆ' ಮಾಡಿದ್ರು, ಮೊದಲ ಸಂಸ್ಕೃತ ಚಿತ್ರ, 1983ರ 'ಆದಿ ಶಂಕರಾಚಾರ್ಯ'ಕ್ಕೆ ರಾಷ್ಟ್ರಪ್ರಶಸ್ತಿನೂ ಬಂತು, ಬರಿಗಾಲಲ್ಲೇ ಓಡಾಡೋ ಡೈರೆಕ್ಟ್ರು ಅಂತ ಫೇಮಸ್ ಆದ್ರು, ಆ ಗಲಾಟೇಲಿ ಹಾಡು ಬರೆದಿದ್ದು ಜನಕ್ಕೆ ಮರ್ತೇ ಹೋಯ್ತು. ತೀರಿಕೊಂಡಿದ್ದು 2003ರಲ್ಲಿ.